ಪಿತ್ತಕೋಶ ತೆಗೆಸಿದ್ದಕ್ಕೇ ಕ್ಯಾನ್ಸರ್ ಬಂತಾ? ಒಂದು ಪ್ರಕರಣ

ಹಿನ್ನೆಲೆ

ನನ್ನ ರೋಗಿಯೊಬ್ಬರ ಕಥೆ ಇದು. ಗುರುತು ಸಿಗಬಾರದು ಎಂದು ಊರು, ವಯಸ್ಸು, ಮನೆಯ ವಿವರ ಬದಲಿಸಿದ್ದೇನೆ. ಹೆಸರಿನ ಗೊಡವೆಯೇ ಬೇಡ, ಅಮ್ಮ ಎಂದೇ ಬರೆಯುತ್ತೇನೆ. ನಾನು ಅವರನ್ನು ಕರೆಯುವುದೂ ಹಾಗೆಯೇ.

ಅಮ್ಮನಿಗೆ 58ರ ಆಸುಪಾಸು. ಮಧ್ಯ ಕರ್ನಾಟಕದ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾರೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಥೈರಾಯ್ಡ್‌ಗೆ ಬೆಳಗ್ಗೆ ಒಂದು ಮಾತ್ರೆ. 3 ವರ್ಷದ ಹಿಂದೆ ಪಿತ್ತಕೋಶದಲ್ಲಿ ಕಲ್ಲಾಗಿ, ಬಾವು ಬಂದು, ಲ್ಯಾಪರೋಸ್ಕೋಪಿ ಮಾಡಿಸಿ ಪಿತ್ತಕೋಶ ತೆಗೆಸಿದ್ದರು. ಆಪರೇಷನ್ ಚೆನ್ನಾಗಿಯೇ ಆಗಿತ್ತು.

ನನ್ನ ಹತ್ತಿರ ಬಂದದ್ದು ಭೇದಿಗೆ. ದಿನಕ್ಕೆ ಐದಾರು ಸಲ, ಅದೂ ಏನಾದರೂ ತಿಂದ ಕೂಡಲೇ. ಹಳದಿ ನೀರಿನಂತೆ. "ಸಾರಿಗೆ ಒಗ್ಗರಣೆ ಹಾಕೋ ಹೊತ್ತಿಗೆ ಸೌಟು ಬಿಟ್ಟು ಓಡ್ಬೇಕು ಸರ್" ಎಂದರು. ಶಾಲೆಯಲ್ಲಿ ಮಾನ ಹೋಗುತ್ತದೆ ಎಂದು ಬೆಳಗಿನ ತಿಂಡಿಯನ್ನೇ ಬಿಟ್ಟಿದ್ದರು. ಪಿತ್ತ ಜಾಸ್ತಿಯಾಗಿದೆ ಎಂದು ಜೀರಿಗೆ ಕಷಾಯ ಕುಡಿದಿದ್ದರು, ದಾಳಿಂಬೆ ಸಿಪ್ಪೆ ಕುದಿಸಿ ಕುಡಿದಿದ್ದರು. ಮೆಡಿಕಲ್ ಶಾಪಿನವರು ಕೊಟ್ಟ ಆಂಟಿಬಯೋಟಿಕ್ ಕೂಡ ನುಂಗಿದ್ದರು. ಯಾವುದೂ ನಾಟಿರಲಿಲ್ಲ.

ಮೊದಲ ಅನುಮಾನ ಮೆಟ್‌ಫಾರ್ಮಿನ್ ಮೇಲೆ. ಆ ಮಾತ್ರೆಯಿಂದ ಭೇದಿಯಾಗುವವರು ಬಹಳ. ಎರಡು ವಾರ ಅದನ್ನು ನಿಲ್ಲಿಸಿ ಬೇರೆ ಮಾತ್ರೆ ಕೊಟ್ಟೆ. ಸ್ವಲ್ಪ ಇಳಿಯಿತು, ನಿಲ್ಲಲಿಲ್ಲ. ಮಲಪರೀಕ್ಷೆಯಲ್ಲಿ ಏನೂ ಇರಲಿಲ್ಲ. ಥೈರಾಯ್ಡ್ ಹಿಡಿತದಲ್ಲಿತ್ತು. ಉಳಿದದ್ದು ಪಿತ್ತ.

ಪಿತ್ತರಸ ಮಾಡುವ ಕೆಲಸ

ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಮುಂದಿನ ಎಲ್ಲ ತೀರ್ಮಾನಗಳೂ ಇದರ ಮೇಲೆ ನಿಂತಿವೆ.

ಲಿವರ್ ಕೊಲೆಸ್ಟ್ರಾಲ್‌ನಿಂದ ಪಿತ್ತಾಮ್ಲಗಳನ್ನು ತಯಾರಿಸುತ್ತದೆ. ಮುಖ್ಯವಾದವು ಎರಡು: ಕೋಲಿಕ್ ಆಮ್ಲ, ಕೀನೋಡಿಆಕ್ಸಿಕೋಲಿಕ್ ಆಮ್ಲ. ಎಣ್ಣೆ, ತುಪ್ಪ ಜೀರ್ಣವಾಗಲು ಇವು ಬೇಕೇ ಬೇಕು. ಕೆಲಸ ಮುಗಿದ ಮೇಲೆ ಸುಮಾರು 95% ಸಣ್ಣಕರುಳಿನ ಕೊನೆಯ ಭಾಗದಲ್ಲಿ ಮತ್ತೆ ರಕ್ತಕ್ಕೆ ಸೇರಿ ಲಿವರ್‌ಗೆ ವಾಪಸ್ ಬರುತ್ತವೆ. ಮೈಯಲ್ಲಿರುವ ಒಟ್ಟು ಪಿತ್ತಾಮ್ಲ ಕೆಲವೇ ಗ್ರಾಂ. ಅದೇ ದಿನಕ್ಕೆ ಹಲವು ಸುತ್ತು ಹೊಡೆಯುತ್ತದೆ.

ಎಷ್ಟು ತಯಾರಿಸಬೇಕು ಎಂಬ ಲೆಕ್ಕ ಇಡಲು ಕರುಳಿನ ಜೀವಕೋಶಗಳ ಒಳಗೆ ಒಂದು ಗ್ರಾಹಕವಿದೆ (ರಿಸೆಪ್ಟರ್, ಅಂದರೆ ಸಂಕೇತ ಹಿಡಿಯುವ ಪ್ರೋಟೀನ್), ಹೆಸರು ಎಫ್‌ಎಕ್ಸ್‌ಆರ್. ಪಿತ್ತಾಮ್ಲಗಳೇ ಇದನ್ನು ಚಾಲೂ ಮಾಡುತ್ತವೆ ಎಂದು 1999ರಲ್ಲಿ ಮೂರು ಸಂಶೋಧನಾ ತಂಡಗಳು ಬೇರೆಬೇರೆಯಾಗಿ ತೋರಿಸಿದವು. ಮನೆ ಮೇಲಿನ ಟ್ಯಾಂಕ್ ತುಂಬಿದಾಗ ಬಾಲ್ ವಾಲ್ವ್ ನೀರು ನಿಲ್ಲಿಸುತ್ತದಲ್ಲ, ಎಫ್‌ಎಕ್ಸ್‌ಆರ್ ಕೆಲಸವೂ ಅದೇ. ಸಣ್ಣಕರುಳಿಗೆ ಪಿತ್ತಾಮ್ಲ ಸಾಕಷ್ಟು ಬಂದಾಗ ಇದು ಎಫ್‌ಜಿಎಫ್19 ಎಂಬ ಹಾರ್ಮೋನನ್ನು ಬಿಡುಗಡೆ ಮಾಡಿಸುತ್ತದೆ. ಅದು ಲಿವರ್‌ಗೆ ಹೋಗಿ, ಸಾಕು ನಿಲ್ಲಿಸು ಎನ್ನುತ್ತದೆ. ಇನ್ನೊಂದು ಗ್ರಾಹಕ ಟಿಜಿಆರ್5. ಇದು ಜೀವಕೋಶದ ಹೊರಗೋಡೆಯಲ್ಲಿ, ಕರುಳಿನ ನರಗಳಲ್ಲೂ ಇದೆ. ಪಿತ್ತಾಮ್ಲ ತಗುಲಿದರೆ ಕರುಳಿನ ಚಲನೆ ಜೋರಾಗುತ್ತದೆ.

ಪಿತ್ತಕೋಶ ಇಲ್ಲದವರಲ್ಲಿ ಪಿತ್ತರಸವನ್ನು ಕೂಡಿಡುವ ಜಾಗವಿಲ್ಲ. ಹಗಲೂ ರಾತ್ರಿ ತೊಟ್ಟಿಕ್ಕುತ್ತಲೇ ಇರುತ್ತದೆ. ಹೆಚ್ಚಿನವರಿಗೆ ಇದರಿಂದ ಏನೂ ತೊಂದರೆಯಿಲ್ಲ. ಕೆಲವರಲ್ಲಿ ಮಾತ್ರ ಹೀರಿಕೊಳ್ಳಲಾಗದ ಪಾಲು ದೊಡ್ಡಕರುಳಿಗೆ ಜಾರಿ, ಅಲ್ಲಿ ನೀರು ಸುರಿಸಿ ಭೇದಿ ಮಾಡಿಸುತ್ತದೆ. ಇದನ್ನು ಖಚಿತವಾಗಿ ಹಿಡಿಯುವ ಐಸೋಟೋಪ್ ಸ್ಕ್ಯಾನ್ ಬ್ರಿಟನ್‌ನಲ್ಲಿ ಬಳಕೆಯಲ್ಲಿದೆ, ನಮ್ಮ ಊರುಗಳಲ್ಲಿ ಸಿಗುವಂಥದ್ದಲ್ಲ. ಹಾಗಾಗಿ ಔಷಧಿ ಕೊಟ್ಟೇ ನೋಡಬೇಕು.

ಪುಡಿ ಕೆಲಸ ಮಾಡಿತು, ಅಲ್ಲೇ ತೊಡಕು

ಕೊಲೆಸ್ಟೈರಮೀನ್ ಎಂಬ ಪುಡಿ ಕೊಟ್ಟೆ. 4 ಗ್ರಾಂ ಪ್ಯಾಕೆಟ್. ಕರುಳಿನಲ್ಲಿ ಪಿತ್ತಾಮ್ಲವನ್ನು ಹಿಡಿದಿಟ್ಟುಕೊಂಡು ಮಲದ ಜೊತೆ ಹೊರಗೆ ಹೋಗುತ್ತದೆ, ಮೈಗೆ ಸೇರುವುದಿಲ್ಲ. ಬಾಯಲ್ಲಿ ಮರಳು ಹಾಕಿಕೊಂಡ ಹಾಗಿರುತ್ತದೆ, ಯಾರಿಗೂ ಇಷ್ಟವಾಗುವುದಿಲ್ಲ. ಅಮ್ಮ ಮಜ್ಜಿಗೆಯಲ್ಲಿ ಕದಡಿ ಕುಡಿಯುವ ದಾರಿ ಕಂಡುಕೊಂಡರು. ಒಂದೇ ವಾರದಲ್ಲಿ ಭೇದಿ ದಿನಕ್ಕೆ ಒಂದೆರಡಕ್ಕೆ ಇಳಿಯಿತು. ಮನೆಯವರಿಗೆಲ್ಲ ಖುಷಿ.

ಕಾಯಿಲೆಗೆ ಒಂದು ಕಾರಣ ಸಿಕ್ಕಿದೆ, ಔಷಧಿಗೂ ಬಗ್ಗಿದೆ. ಮುಂದೆ ಹುಡುಕುವುದು ಯಾಕೆ ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಮೊದಲ ದಿನ ಮಾಡಿಸಿದ್ದ ರಕ್ತಪರೀಕ್ಷೆ ಮೇಜಿನ ಮೇಲಿತ್ತು. ಹಿಮೋಗ್ಲೋಬಿನ್ 9.4. ಕೆಂಪು ರಕ್ತಕಣಗಳ ಗಾತ್ರ ಸಣ್ಣದು. ಕಬ್ಬಿಣದ ದಾಸ್ತಾನು ಹೇಳುವ ಫೆರಿಟಿನ್ ಬರೀ 7. ಪಿತ್ತದ ಭೇದಿಯಿಂದ ಹೀಗೆ ಕಬ್ಬಿಣ ಖಾಲಿಯಾಗುವುದಿಲ್ಲ.

ಅಮ್ಮ ಹಳೇ ರಿಪೋರ್ಟುಗಳನ್ನೆಲ್ಲ ಸೀರೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟಿದ್ದರು. ತಂದು ಹರಡಿ ನೋಡಿದರೆ, ಪಿತ್ತಕೋಶ ತೆಗೆಸುವ ದಿನ ಹಿಮೋಗ್ಲೋಬಿನ್ 12.1. ಸಕ್ಕರೆ ಕಾಯಿಲೆಯ ತಪಾಸಣೆಗೆ ಒಂದು ವರ್ಷದ ಹಿಂದೆ ಹೋಗಿದ್ದಾಗ 10.8. ಈಗ 9.4. ಒಂದೊಂದೇ ಕಾಗದ ನೋಡಿದರೆ ನಮ್ಮ ಹೆಂಗಸರಲ್ಲಿ ದಿನಾ ಕಾಣುವ ಅಂಕಿಗಳೇ. ಮೂರನ್ನೂ ಸಾಲಾಗಿ ಇಟ್ಟಾಗ ಮಾತ್ರ ಇಳಿಜಾರು ಕಾಣುತ್ತದೆ. ಕೊಲೆಸ್ಟೈರಮೀನ್ ಕಬ್ಬಿಣವನ್ನೂ ಹಿಡಿದಿಟ್ಟುಕೊಳ್ಳಬಲ್ಲದು, ಆದ್ದರಿಂದ ಪುಡಿಯ ಮೇಲೆ ತಪ್ಪು ಹೊರಿಸುವುದು ಸುಲಭವಿತ್ತು. ಆದರೆ ಈ ಮೂರೂ ರಿಪೋರ್ಟು ಪುಡಿ ಶುರುವಾಗುವ ಮೊದಲಿನವು.

ಮುಟ್ಟು ನಿಂತು ಎಷ್ಟೋ ವರ್ಷವಾದ ಹೆಂಗಸಿನಲ್ಲಿ ಕಬ್ಬಿಣದ ಕೊರತೆ ಕಂಡರೆ, ರಕ್ತ ಎಲ್ಲಿಂದಲೋ ಸೋರುತ್ತಿದೆ ಎಂದೇ ಹಿಡಿಯಬೇಕು. ಮೇಲಿನಿಂದಲೂ ಕೆಳಗಿನಿಂದಲೂ ಎಂಡೋಸ್ಕೋಪಿ ಮಾಡಿಸಬೇಕು. ನಾನು ಕೊಲೊನೊಸ್ಕೋಪಿ ಎಂದ ಕೂಡಲೇ ಮನೆಯವರ ಮುಖ ಸಪ್ಪಗಾಯಿತು. "ಭೇದಿ ನಿಂತಿದೆಯಲ್ಲ ಸರ್, ನಿಂತ ಮೇಲೆ ಟ್ಯೂಬ್ ಯಾಕೆ?" ಎಂದರು ಅಮ್ಮನ ಯಜಮಾನರು. ಸ್ವಲ್ಪ ಕಬ್ಬಿಣದ ಮಾತ್ರೆ ಬರೆದುಕೊಡಿ, ನುಂಗಿ ನೋಡುತ್ತೇವೆ ಎಂಬ ಹಟ.

ಭಯ ಹುಟ್ಟಿಸಿ ಒಪ್ಪಿಸುವ ದಾರಿ ಒಂದಿದೆ. ನನಗೆ ಅದು ಹಿಡಿಸುವುದಿಲ್ಲ. ಹೆದರಿದವರು ಎಷ್ಟೋ ಸಲ ಬರುವುದನ್ನೇ ಬಿಡುತ್ತಾರೆ. ಮೂರೂ ರಿಪೋರ್ಟುಗಳನ್ನು ಅವರ ಮುಂದೆಯೇ ಸಾಲಾಗಿ ಇಟ್ಟು, ಈ ಲೆಕ್ಕಕ್ಕೂ ಭೇದಿಗೂ ಸಂಬಂಧವಿಲ್ಲ, ಇದು ಬೇರೆಯದೇ ಪ್ರಶ್ನೆ ಎಂದೆ. ಶಾಲೆಗೆ ಬೇಸಿಗೆ ರಜೆ ಕೊಟ್ಟ ಕೂಡಲೇ ಮಾಡಿಸುತ್ತೇನೆ ಎಂದು ಅಮ್ಮ ಮಾತು ಕೊಟ್ಟರು. ರಜೆ ಶುರುವಾದ ವಾರವೇ ಬಂದರು.

ಕಂಡದ್ದು

ಮೇಲಿನ ಎಂಡೋಸ್ಕೋಪಿಯಲ್ಲಿ ಏನೂ ಇರಲಿಲ್ಲ. ಕೊಲೊನೊಸ್ಕೋಪಿಯಲ್ಲಿ ಎಡಭಾಗವೆಲ್ಲ ಸರಿಯಿತ್ತು. ಬಲಗಡೆ, ಸಣ್ಣಕರುಳು ದೊಡ್ಡಕರುಳಿಗೆ ಸೇರುವ ಜಾಗದಿಂದ ಸ್ವಲ್ಪ ಮೇಲೆ, 3 ಸೆಂಟಿಮೀಟರ್‌ಗಿಂತ ತುಸು ದೊಡ್ಡದಾದ ಗಡ್ಡೆ. ಮುಟ್ಟಿದರೆ ರಕ್ತ ಜಿನುಗುತ್ತಿತ್ತು. ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದೇ ಬಂತು.

ಬಲಭಾಗದ ಗಡ್ಡೆಗಳ ಸ್ವಭಾವವೇ ಹೀಗೆ. ಅಲ್ಲಿ ಕರುಳು ಅಗಲ, ಮಲ ಇನ್ನೂ ನೀರಾಗಿರುತ್ತದೆ. ಹಾಗಾಗಿ ಮಲಬದ್ಧತೆಯೂ ಇಲ್ಲ, ಕಣ್ಣಿಗೆ ಕಾಣುವ ರಕ್ತವೂ ಇಲ್ಲ. ಎಷ್ಟೋ ಸಲ ರಕ್ತಹೀನತೆಯೊಂದೇ ಸುಳಿವು.

ಸಿ.ಟಿ. ಸ್ಕ್ಯಾನ್‌ನಲ್ಲಿ ಬೇರೆಲ್ಲೂ ಹರಡಿರಲಿಲ್ಲ. ದೊಡ್ಡಕರುಳಿನ ಬಲಭಾಗವನ್ನು, ಅದಕ್ಕೆ ಹೊಂದಿಕೊಂಡ ಸಣ್ಣಕರುಳಿನ ತುದಿಯ ಸಮೇತ ತೆಗೆದರು. ಗಡ್ಡೆ ಸ್ನಾಯುಪದರದವರೆಗೆ ಮಾತ್ರ ಇಳಿದಿತ್ತು. ಪರೀಕ್ಷಿಸಿದ 18 ದುಗ್ಧಗ್ರಂಥಿಗಳಲ್ಲಿ (ಲಿಂಫ್ ನೋಡ್) ಒಂದರಲ್ಲೂ ಕ್ಯಾನ್ಸರ್ ಇರಲಿಲ್ಲ. ವಂಶದಲ್ಲಿ ಬರುವ, ಕರುಳಿನ ಕ್ಯಾನ್ಸರ್ ತರಬಲ್ಲ ಲಿಂಚ್ ಸಿಂಡ್ರೋಮಿನ ಅನುಮಾನಕ್ಕೆ ಗಡ್ಡೆಯ ಪ್ರೋಟೀನ್ ಪರೀಕ್ಷೆಯೂ ಆಯಿತು, ಅದೂ ಸರಿಯಿತ್ತು. ಮೊದಲ ಹಂತ. ಕೀಮೋ ಬೇಕಾಗಲಿಲ್ಲ.

ಮಗನ ಪ್ರಶ್ನೆ

ಅಮ್ಮನ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ. ಆಪರೇಷನ್ ಆದ ಮೇಲೆ ಒಂದು ಫೈಲ್ ತುಂಬ ಪ್ರಿಂಟ್ ಹಿಡಿದು ಬಂದರು. ಕೂತವರೇ, "ಸರ್, ಪಿತ್ತಕೋಶ ತೆಗೆದಿದ್ದಕ್ಕೇ ಅಮ್ಮನಿಗೆ ಕ್ಯಾನ್ಸರ್ ಬಂದಿದ್ದು ಅಲ್ವಾ? ಆ ಡಾಕ್ಟರ್ ಮೇಲೆ ಕೇಸ್ ಹಾಕಬೇಕು ಅಂತಿದ್ದೀನಿ" ಎಂದರು.

ಅವರು ಓದಿದ್ದು ಸುಳ್ಳಲ್ಲ. ದೊಡ್ಡಕರುಳಿಗೆ ಜಾರಿದ ಪಿತ್ತಾಮ್ಲವನ್ನು ಅಲ್ಲಿನ ಬ್ಯಾಕ್ಟೀರಿಯಾಗಳು ಬಿಡುವುದಿಲ್ಲ. ಕೋಲಿಕ್ ಆಮ್ಲವನ್ನು ಡಿಆಕ್ಸಿಕೋಲಿಕ್ ಆಮ್ಲವಾಗಿ, ಇನ್ನೊಂದನ್ನು ಲಿಥೋಕೋಲಿಕ್ ಆಮ್ಲವಾಗಿ ಬದಲಿಸುತ್ತವೆ. ಈ ಎರಡನೇ ತಲೆಮಾರಿನ ಆಮ್ಲಗಳೇ ತಂಟೆಕೋರರು. ಡಿಆಕ್ಸಿಕೋಲಿಕ್ ಆಮ್ಲ ಜಾಸ್ತಿಯಾದರೆ ಕರುಳಿನ ಒಳಪದರದ ಜೀವಕೋಶಗಳ ಪೊರೆ ಹಾಳಾಗುತ್ತದೆ, ಡಿಎನ್‌ಎಗೆ ಏಟು ಬೀಳುತ್ತದೆ. ಏಟು ತಿಂದ ಜೀವಕೋಶ ಸಾಯಬೇಕು. ವರ್ಷಗಟ್ಟಲೆ ಇದೇ ನಡೆದರೆ, ಏಟು ತಿಂದೂ ಸಾಯದಿರುವ ಜೀವಕೋಶಗಳೇ ಉಳಿದು ಬೆಳೆಯುತ್ತವೆ.

ಎಫ್‌ಎಕ್ಸ್‌ಆರ್ ಇಲ್ಲಿ ಮತ್ತೆ ಬರುತ್ತದೆ. ಕರುಳಿನಲ್ಲಿ ಅದು ಕಾವಲುಗಾರನ ಪಾಲು ತೆಗೆದುಕೊಂಡಿದೆ. ದೊಡ್ಡಕರುಳಿನ ಕ್ಯಾನ್ಸರ್‌ನಲ್ಲಿ ಅದರ ಪ್ರಮಾಣ ಕುಗ್ಗಿರುತ್ತದೆ. ಗಡ್ಡೆ ಬೆಳೆಯುವ ಜಾತಿಯ ಇಲಿಗಳಲ್ಲಿ ಎಫ್‌ಎಕ್ಸ್‌ಆರ್ ತೆಗೆದುಹಾಕಿದರೆ ಗಡ್ಡೆಗಳು ಇನ್ನೂ ಜಾಸ್ತಿಯಾಗುತ್ತವೆ. 2019ರಲ್ಲಿ ಅಮೆರಿಕದ ಸಾಲ್ಕ್ ಸಂಸ್ಥೆಯ ರೊನಾಲ್ಡ್ ಇವಾನ್ಸ್ ಅವರ ತಂಡ ಇದರ ಬಗ್ಗೆ ಒಂದು ಮುಖ್ಯವಾದ ಕೆಲಸ ಪ್ರಕಟಿಸಿತು. ಕೊಬ್ಬಿನ ಆಹಾರ ತಿಂದ ಇಲಿಗಳಲ್ಲಿ ಕೆಲವು ಪಿತ್ತಾಮ್ಲಗಳು ಎಫ್‌ಎಕ್ಸ್‌ಆರ್‌ನ ಬಾಯಿ ಮುಚ್ಚಿಸುತ್ತವೆ, ಡಿಆಕ್ಸಿಕೋಲಿಕ್ ಆಮ್ಲವೂ ಅವುಗಳಲ್ಲಿ ಒಂದು. ಆಗ ಕರುಳಿನ ಎಲ್‌ಜಿಆರ್5 ಕಾಂಡಕೋಶಗಳು (ಹೊಸ ಜೀವಕೋಶಗಳನ್ನು ಹುಟ್ಟಿಸುವ ಮೂಲ ಕೋಶಗಳು) ಹಿಡಿತವಿಲ್ಲದೆ ಹೆಚ್ಚುತ್ತವೆ. ಎಫ್‌ಎಕ್ಸ್‌ಆರ್ ಅನ್ನು ಮತ್ತೆ ಚಾಲೂ ಮಾಡುವ ಫೆಕ್ಸ್‌ಡಿ ಎಂಬ ಅಣು ಕೊಟ್ಟಾಗ ಗಡ್ಡೆ ಬೆಳೆಯುವ ವೇಗ ಕುಗ್ಗಿತು. ಟಿಜಿಆರ್5 ಬಗ್ಗೆ ಇಷ್ಟು ಸ್ಪಷ್ಟ ಚಿತ್ರವಿಲ್ಲ. ಒಂದು ಪ್ರಯೋಗದಲ್ಲಿ ಒಳ್ಳೆಯದು ಮಾಡಿದಂತೆ, ಇನ್ನೊಂದರಲ್ಲಿ ಕೆಟ್ಟದ್ದು ಮಾಡಿದಂತೆ ಕಾಣುತ್ತದೆ.

ಇಷ್ಟೆಲ್ಲ ನಿಜವಾದರೂ ಮಗನ ತೀರ್ಮಾನ ನಿಲ್ಲುವುದಿಲ್ಲ. ಪಿತ್ತಕೋಶ ತೆಗೆಸಿದವರಲ್ಲಿ ಬಲಭಾಗದ ಕ್ಯಾನ್ಸರ್ ಸ್ವಲ್ಪ ಜಾಸ್ತಿ ಎಂದು ಕೆಲವು ಅಧ್ಯಯನಗಳು ಹೇಳುತ್ತವೆ, ಕೆಲವು ಇಲ್ಲ ಎನ್ನುತ್ತವೆ. ಜಾಸ್ತಿ ಎಂದವರಲ್ಲೂ ಅದು ತುಂಬಾ ಸಣ್ಣ ವ್ಯತ್ಯಾಸ. ಮೇಲಾಗಿ ಸ್ಥೂಲಕಾಯ, ಸಕ್ಕರೆ ಕಾಯಿಲೆ, ನಾರಿಲ್ಲದ ಊಟ ಪಿತ್ತಕೋಶದ ಕಲ್ಲಿಗೂ ದಾರಿ, ಕರುಳಿನ ಕ್ಯಾನ್ಸರ್‌ಗೂ ದಾರಿ. ಎರಡೂ ಒಬ್ಬರಲ್ಲೇ ಕಂಡರೆ ಒಂದರಿಂದ ಇನ್ನೊಂದು ಆಯಿತು ಎಂದು ಹೇಳಲಾಗದು.

ನನಗೆ ಇದಕ್ಕಿಂತ ಗಟ್ಟಿಯಾದ ಉತ್ತರ ಕಂಡದ್ದು ಕಾಲದ ಲೆಕ್ಕದಲ್ಲಿ. ಕರುಳಿನ ಸಣ್ಣ ಪಾಲಿಪ್ (ಒಳಗೋಡೆಯಲ್ಲಿ ಬೆಳೆಯುವ ಗಂಟು) ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 10 ವರ್ಷ ಅಥವಾ ಅದಕ್ಕೂ ಹೆಚ್ಚು ಬೇಕು. ಅಮ್ಮನ ಪಿತ್ತಕೋಶ ಹೋಗಿ 3 ವರ್ಷ. ಅಂದರೆ ಆ ಆಪರೇಷನ್ ಟೇಬಲ್ ಮೇಲೆ ಮಲಗಿದ ದಿನವೇ ಕರುಳಿನಲ್ಲಿ ಪಾಲಿಪ್ ಇದ್ದಿರುವ ಸಂಭವ ತುಂಬಾ ಜಾಸ್ತಿ. ಬಾವು ಬಂದ ಪಿತ್ತಕೋಶವನ್ನು ಅವತ್ತು ತೆಗೆಯದೆ ಬಿಟ್ಟಿದ್ದರೆ ಅದೇ ಜೀವಕ್ಕೆ ಬರುತ್ತಿತ್ತು. ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು ಫೈಲ್ ಮುಚ್ಚಿದರು. ಕೇಸಿನ ಮಾತು ಮತ್ತೆ ಬರಲಿಲ್ಲ.

ಹಾಗಾದರೆ ಔಷಧಿ ಕೊಡಿ

ಎರಡನೇ ಬೇಡಿಕೆ ತಯಾರಿತ್ತು. "ಪಿತ್ತದ ಕಾಟ ಇದ್ದೇ ಇದೆ ಅಂದಮೇಲೆ ಅದನ್ನ ತಡೆಯೋ ಮಾತ್ರೆ ಕೊಡಿ ಸರ್." ಅವರ ಮನಸ್ಸಿನಲ್ಲಿದ್ದದ್ದು ಅರ್ಸೋಡಿಆಕ್ಸಿಕೋಲಿಕ್ ಆಮ್ಲ. ಇದೂ ಪಿತ್ತಾಮ್ಲವೇ, ಆದರೆ ಮೆತ್ತನೆಯದು. ಲಿವರ್ ತೊಂದರೆಗೆಂದು ನಮ್ಮಲ್ಲಿ ಧಾರಾಳವಾಗಿ ಬರೆಯುತ್ತಾರೆ. ಸಂಬಂಧಿಕರೊಬ್ಬರು ಆಗಲೇ ಒಂದು ಸ್ಟ್ರಿಪ್ ತಂದುಕೊಟ್ಟಿದ್ದರು.

ಇದನ್ನು ಸರಿಯಾಗಿ ಪರೀಕ್ಷಿಸಿದ್ದಾರೆ. ಪಾಲಿಪ್ ತೆಗೆಸಿಕೊಂಡ 1,285 ಜನರ ಮೇಲೆ ಅಮೆರಿಕದಲ್ಲಿ ನಡೆದ ಪ್ರಯೋಗದ ಫಲಿತಾಂಶ 2005ರಲ್ಲಿ ಬಂತು. ಪಾಲಿಪ್ ಮತ್ತೆ ಬರುವುದು ಒಟ್ಟಾರೆ ಲೆಕ್ಕಕ್ಕೆ ಸಿಗುವಷ್ಟು ಕಡಿಮೆಯಾಗಲಿಲ್ಲ. ಕ್ಯಾನ್ಸರ್‌ಗೆ ಹತ್ತಿರವಾದ ಬದಲಾವಣೆ ಇರುವ ಪಾಲಿಪ್ ಮಾತ್ರ 39% ಕಡಿಮೆಯಾಯಿತು. ಆಸೆ ಹುಟ್ಟಿಸುವ ಅಂಕಿಯೇ. ಆದರೆ ಮುಂದಿನ ವಿಶ್ಲೇಷಣೆಯಲ್ಲಿ ಲಾಭ ಕಂಡದ್ದು ಗಂಡಸರಲ್ಲಿ, ಹೆಂಗಸರಲ್ಲಿ ಅಲ್ಲ. ಪಿತ್ತನಾಳದ ಒಂದು ಕಾಯಿಲೆಯ ಜೊತೆಗೆ ಕರುಳಿನ ಹುಣ್ಣೂ ಇದ್ದವರಿಗೆ ಕೆ.ಜಿ. ತೂಕಕ್ಕೆ 28ರಿಂದ 30 ಮಿ.ಗ್ರಾಂ.ನಷ್ಟು ದೊಡ್ಡ ಡೋಸ್ ಕೊಟ್ಟಾಗ ಕರುಳಿನ ಗಡ್ಡೆ ಜಾಸ್ತಿಯೇ ಆಯಿತು ಎಂದು 2011ರಲ್ಲಿ ವರದಿಯಾಯಿತು. ಒಂದೇ ಮಾತ್ರೆ, ಡೋಸ್ ಏರಿದ ಮೇಲೆ ಉಲ್ಟಾ ಹೊಡೆಯಿತು. ಸ್ಟ್ರಿಪ್ ವಾಪಸ್ ಕೊಡಿ ಎಂದೆ.

ಎಫ್‌ಎಕ್ಸ್‌ಆರ್ ಚಾಲೂ ಮಾಡುವ ಔಷಧಿ? ಒಬೆಟಿಕೋಲಿಕ್ ಆಮ್ಲಕ್ಕೆ 2016ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, ಆದರೆ ಅದು ಪಿತ್ತನಾಳದ ಬೇರೊಂದು ಕಾಯಿಲೆಗೆ. ವಿಪರೀತ ತುರಿಕೆ, ಕೆಟ್ಟ ಕೊಲೆಸ್ಟ್ರಾಲ್ ಏರುವುದು, ಲಿವರ್ ಮೊದಲೇ ಕೆಟ್ಟವರಲ್ಲಿ ಇನ್ನೂ ಕೆಡುವುದು ಎಲ್ಲ ಕಂಡು, ಆಮೇಲೆ ಕಟ್ಟುನಿಟ್ಟಿನ ಎಚ್ಚರಿಕೆ ಸೇರಿಸಿದರು. ಕರುಳಿನ ಕ್ಯಾನ್ಸರ್ ತಡೆಯಲು ಅದನ್ನು ಕೊಡುವ ಪದ್ಧತಿಯಿಲ್ಲ.

ಆಪರೇಷನ್ ನಂತರದ ಭೇದಿ

ಇದು ಮೊದಲೇ ಗೊತ್ತಿದ್ದ ಕಷ್ಟ. ಪಿತ್ತಾಮ್ಲವನ್ನು ಹೀರಿಕೊಳ್ಳುವ ಜಾಗವೇ ಸಣ್ಣಕರುಳಿನ ತುದಿ, ಅದರ ಒಂದು ಭಾಗವೂ ಈಗ ಹೋಗಿತ್ತು. ಪಿತ್ತಕೋಶವೂ ಇಲ್ಲ. ಭೇದಿ ಮೊದಲಿಗಿಂತ ಜೋರಾಗಿ ವಾಪಸ್ ಬಂತು. ಆಪರೇಷನ್‌ಗೆ ಮೊದಲೇ ಹೀಗಾಗಬಹುದು ಎಂದು ಹೇಳಿದ್ದರಿಂದ ಅಮ್ಮ ಗಾಬರಿಯಾಗಲಿಲ್ಲ. ಹೇಳದಿದ್ದರೆ ಕ್ಯಾನ್ಸರ್ ಮರಳಿತು ಎಂದುಕೊಂಡು ಎಷ್ಟು ರಾತ್ರಿ ನಿದ್ದೆಗೆಡುತ್ತಿದ್ದರೋ.

ಪುಡಿ ಮತ್ತೆ ಶುರು ಮಾಡುವಾಗ ಮಗ ಒಳ್ಳೆಯ ಪ್ರಶ್ನೆಯನ್ನೇ ಎತ್ತಿದರು. ಪುಡಿ ಪಿತ್ತಾಮ್ಲವನ್ನು ದೊಡ್ಡಕರುಳಿಗೇ ತಳ್ಳುತ್ತದಲ್ಲ, ಇಲಿಗಳಲ್ಲಿ ಇದರಿಂದ ಗಡ್ಡೆ ಜಾಸ್ತಿಯಾಗಿದೆಯಲ್ಲ? ಆಗಿದೆ, ನಿಜ. ಆದರೆ ಆ ಇಲಿಗಳಿಗೆ ಕ್ಯಾನ್ಸರ್ ತರಿಸುವ ರಾಸಾಯನಿಕವನ್ನೂ ಚುಚ್ಚಿದ್ದರು. ಮನುಷ್ಯರ ಲೆಕ್ಕ ಬೇರೆ ಇದೆ. ಕೊಲೆಸ್ಟ್ರಾಲ್ ಇಳಿಸಲು 3,806 ಗಂಡಸರ ಮೇಲೆ ನಡೆದ ಅಮೆರಿಕದ ಪ್ರಯೋಗದ ಫಲಿತಾಂಶ 1984ರಲ್ಲಿ ಬಂತು. ಅರ್ಧದಷ್ಟು ಜನ ಇದೇ ಪುಡಿಯನ್ನು ಸರಾಸರಿ 7 ವರ್ಷದ ಮೇಲೆ ಕುಡಿದಿದ್ದರು. ದೊಡ್ಡಕರುಳಿನ ಕ್ಯಾನ್ಸರ್ ಅವರಲ್ಲಿ ಜಾಸ್ತಿಯಾಗಲಿಲ್ಲ.

ನಿಜವಾದ ತಲೆನೋವು ಮಾತ್ರೆಗಳ ಹೊತ್ತು ಹೊಂದಿಸುವುದು. ಈ ಪುಡಿ ಥೈರಾಯ್ಡ್ ಮಾತ್ರೆಯನ್ನೂ ಹಿಡಿದಿಡುತ್ತದೆ, ಕಬ್ಬಿಣವನ್ನೂ ಬಿಡುವುದಿಲ್ಲ. ಬೇರೆ ಔಷಧಿ ಪುಡಿಗಿಂತ ಒಂದು ಗಂಟೆ ಮೊದಲು ಅಥವಾ ನಾಲ್ಕರಿಂದ ಆರು ಗಂಟೆ ಬಿಟ್ಟು ತೆಗೆದುಕೊಳ್ಳಬೇಕು. ಥೈರಾಯ್ಡ್ ಮಾತ್ರೆಗೆ ಇನ್ನೂ ದೊಡ್ಡ ಅಂತರ ಇದ್ದರೆ ಒಳ್ಳೆಯದು. ಅಮ್ಮನ ದಿನಚರಿ ಕೇಳಿಕೊಂಡು ಹೀಗೆ ಹಂಚಿದೆವು: ಬೆಳಗ್ಗೆ ತಿಂಡಿಯ ಜೊತೆ ಪುಡಿ. ಶಾಲೆಯ ಪಾತ್ರೆ ತೊಳೆದು ಮನೆಗೆ ಬಂದ ಮೇಲೆ, ಮೂರು ಗಂಟೆಗೆ ಕಬ್ಬಿಣ. ಥೈರಾಯ್ಡ್ ಮಾತ್ರೆ ರಾತ್ರಿ ಮಲಗುವಾಗ, ಊಟ ಆಗಿ ಮೂರು ಗಂಟೆ ಕಳೆದ ಮೇಲೆ. ಅಮ್ಮ ಇದನ್ನು ಅಕ್ಕಿ ಡಬ್ಬಿಯ ಮುಚ್ಚಳದ ಮೇಲೆ ಬರೆದುಕೊಂಡರು. ಎಂಟು ವಾರದ ನಂತರ ಥೈರಾಯ್ಡ್ ಪರೀಕ್ಷೆ ಸರಿ ಬಂತು. ಕೊಬ್ಬಿನಲ್ಲಿ ಕರಗುವ ವಿಟಮಿನ್‌ಗಳು ಕಡಿಮೆಯಾಗಬಹುದು ಎಂದು ಡಿ ವಿಟಮಿನ್ ಕೂಡ ಆಗಾಗ ನೋಡುತ್ತೇವೆ.

ಊಟದ ವಿಷಯದಲ್ಲಿ ಮಾತ್ರ ನಾನು ಧೈರ್ಯವಾಗಿ ಸಲಹೆ ಕೊಟ್ಟೆ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 20 ಆಫ್ರಿಕನ್ ಅಮೆರಿಕನ್ನರ ಮತ್ತು ದಕ್ಷಿಣ ಆಫ್ರಿಕಾದ ಹಳ್ಳಿಗಳ 20 ಜನರ ಊಟವನ್ನು ಎರಡು ವಾರ ಅದಲುಬದಲು ಮಾಡಿದರು. ನಾರು ಜಾಸ್ತಿ, ಕೊಬ್ಬು ಕಡಿಮೆ ಇರುವ ಊಟಕ್ಕೆ ಬಂದ ಅಮೆರಿಕನ್ನರಲ್ಲಿ ಆ ತಂಟೆಕೋರ ಪಿತ್ತಾಮ್ಲಗಳು 70% ಇಳಿದವು. ಹಳ್ಳಿಯ ಜನರಲ್ಲಿ 400% ಏರಿದವು. ಎರಡೇ ವಾರದಲ್ಲಿ! ಇದರಿಂದ ಕ್ಯಾನ್ಸರ್ ತಪ್ಪುತ್ತದೆ ಎಂದು ಆ ಅಧ್ಯಯನ ಸಾಬೀತು ಮಾಡಿಲ್ಲ. ಆದರೂ ರಾಗಿ, ಕಾಳು, ಸೊಪ್ಪು ತಿನ್ನಿ ಎನ್ನಲು ಅಷ್ಟು ಸಾಕು. ಆಪರೇಷನ್ ಆದ ಹೊಸದರಲ್ಲಿ ನಾರು ಒಮ್ಮೆಲೇ ಜಾಸ್ತಿ ಮಾಡಿದರೆ ಹೊಟ್ಟೆ ಉಬ್ಬರಿಸುತ್ತದೆ. ಮೊದಲು ತೆಳ್ಳಗಿನ ರಾಗಿ ಗಂಜಿ, ಆಮೇಲೆ ಮುದ್ದೆ. ಬಜ್ಜಿ, ಬೋಂಡಕ್ಕೆ ಹಬ್ಬಹುಣ್ಣಿಮೆ ಸಾಕು ಎಂದೆ.

ಈಗ ಎಲ್ಲಿಗೆ ಬಂತು

ಒಂದು ವರ್ಷದ ಕೊಲೊನೊಸ್ಕೋಪಿಯಲ್ಲಿ ಕರುಳು ಸ್ವಚ್ಛವಾಗಿತ್ತು. ಹಿಮೋಗ್ಲೋಬಿನ್ 12ರ ಮೇಲಿದೆ. ಭೇದಿ ದಿನಕ್ಕೆ ಎರಡು ಸಲ, ಮದುವೆ ಊಟ ಮಾಡಿ ಬಂದ ದಿನ ಮಾತ್ರ ಮೂರು. ಅಮ್ಮ ಶಾಲೆಯ ಕೆಲಸಕ್ಕೆ ಮರಳಿದ್ದಾರೆ. ಮುಂದಿನ ಕೊಲೊನೊಸ್ಕೋಪಿಗೆ ಮೂರು ವರ್ಷ ಇದೆ, ಅಲ್ಲಿಯವರೆಗೆ ರಕ್ತಪರೀಕ್ಷೆ, ಸ್ಕ್ಯಾನ್ ನಡೆಯುತ್ತಿರುತ್ತವೆ.

ಹತ್ತಿರದ ರಕ್ತಸಂಬಂಧಿಗಳೂ ನೋಡಿಸಿಕೊಳ್ಳಬೇಕು ಎಂದಿದ್ದೆ. ಮಗನಿಗೆ ಇನ್ನೂ 34, ನಲವತ್ತಕ್ಕೆ ಮಾಡಿಸಿದರೆ ಸಾಕು. ಅಮ್ಮನ ತಮ್ಮನನ್ನು ಒಪ್ಪಿಸಲು ಮಾತ್ರ ಮನೆಯವರಿಗೆ ಸಾಕುಸಾಕಾಯಿತು. ಅವರಿಗೆ ಪಿತ್ತದ ತೊಂದರೆಯಿಲ್ಲ, ಭೇದಿಯಿಲ್ಲ, ಪಿತ್ತಕೋಶ ಇದ್ದಲ್ಲೇ ಇದೆ. "ನನಗ್ಯಾಕೆ ಬರುತ್ತೆ?" ಎಂದು ವಾದ. ಕೊನೆಗೆ ಅಕ್ಕನೇ ಜೊತೆಗೆ ಕರೆದುಕೊಂಡು ಬಂದರು. ಎರಡು ಪಾಲಿಪ್ ಸಿಕ್ಕವು, ಅಲ್ಲೇ ತೆಗೆದರು. ಎರಡೂ ಇನ್ನೂ ಕ್ಯಾನ್ಸರ್ ಆಗಿರಲಿಲ್ಲ.